ರೀಸೆಟ್ ಆದ ಮೇಲೆ ಹುಡುಕುವುದಲ್ಲ, ಮೊದಲೇ ಎರಡು ಪ್ರತಿ ಇಡುವುದು



“ಟೀಚರ್, ಲ್ಯಾಪ್‌ಟಾಪ್ ರೀಸೆಟ್ ಆಯ್ತು. ಅದರಲ್ಲಿದ್ದ ಫೈಲ್ ವಾಪಸ್ ಸಿಗ್ತದಾ?”

ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಲ್ಯಾಪ್‌ಟಾಪ್ ನಿಧಾನ ಆಯಿತು ಅಂತ ಅಣ್ಣ ರೀಸೆಟ್ ಒತ್ತಿರುತ್ತಾನೆ, ಇಲ್ಲವೇ ವೈರಸ್ ಬಂತು ಅಂತ ಅಂಗಡಿಯವರು ಒತ್ತಿರುತ್ತಾರೆ. ಫ್ಯಾಕ್ಟರಿ ರೀಸೆಟ್ ಅಂದರೆ ಯಂತ್ರವನ್ನು ಅದು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ತರುವುದು. ಯಂತ್ರ ಹೊಸದರಂತೆ ಆಗುತ್ತದೆ, ನೀವು ಬರೆದದ್ದು, ತೆಗೆದ ಫೋಟೋ, ಮಾಡಿದ ರೆಕಾರ್ಡಿಂಗ್ ಮಾತ್ರ ಕಾಣುವುದಿಲ್ಲ.

ಆಗ ಮಕ್ಕಳು ಎರಡು ಪಕ್ಷ ಆಗುತ್ತಾರೆ. ಒಂದು ಪಕ್ಷ, “ಎಲ್ಲ ಹೋಯ್ತು, ಇನ್ನು ಎಂತ ಮಾಡ್ಲಿಕ್ಕೂ ಇಲ್ಲ” ಅಂತ ಕೈಚೆಲ್ಲುತ್ತದೆ. ಇನ್ನೊಂದು ಪಕ್ಷ, “ಯಾವುದೋ ಸಾಫ್ಟ್‌ವೇರ್ ಉಂಟಂತೆ, ಹಾಕಿದ್ರೆ ಎಲ್ಲ ಬರ್ತದಂತೆ” ಅಂತ ನಂಬುತ್ತದೆ. ಎರಡೂ ಪೂರ್ತಿ ಸರಿಯಲ್ಲ. ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ನಿರ್ಧರಿಸುವುದು ಅದೃಷ್ಟವಲ್ಲ, ಭೌತಶಾಸ್ತ್ರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ಫೈಲನ್ನು ಹುಡುಕುವ ವಿಜ್ಞಾನವನ್ನು ನೀವು ಕಲಿಯಲೇಬೇಕು, ಆದರೆ ಅದನ್ನು ನಂಬಿ ಕೂರಬಾರದು. ನಮ್ಮಂಥ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪ್ರತಿಯೊಂದು ಕೆಲಸಕ್ಕೂ ಎರಡನೆಯ ಪ್ರತಿ ಇಡುವುದು, ಪ್ರಯೋಗಾಲಯದಲ್ಲಿ ಆಮ್ಲದ ಬಾಟಲಿಗೆ ಹೆಸರು ಅಂಟಿಸುವಷ್ಟೇ ಕಡ್ಡಾಯ ಆಗಬೇಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಅಳಿಸಿದಾಗ ಹೋಗುವುದು ಏನು?

ಒಂದು ದಪ್ಪ ನೋಟ್‌ಪುಸ್ತಕ ಇದೆ ಅಂದುಕೊಳ್ಳಿ. ಮೊದಲ ಪುಟದಲ್ಲಿ ಪರಿವಿಡಿ: ‘ಬೆಳಕಿನ ಪಾಠ, ಪುಟ 12’, ‘ಆಮ್ಲ ಮತ್ತು ಪ್ರತ್ಯಾಮ್ಲ, ಪುಟ 30’. ಯಾರೋ ಆ ಪರಿವಿಡಿಯ ಹಾಳೆ ಮಾತ್ರ ಹರಿದು ಹಾಕಿದರು. ಪಾಠಗಳು ಹೋದವಾ? ಇಲ್ಲ. 12ನೇ ಪುಟ ಅಲ್ಲೇ ಉಂಟು. ಎಲ್ಲಿ ಉಂಟು ಅಂತ ಹೇಳುವ ದಾರಿ ಮಾತ್ರ ಹೋಯಿತು.

ಹಳೆಯ ಮಾದರಿಯ ಹಾರ್ಡ್‌ಡಿಸ್ಕ್ ಕೆಲಸ ಮಾಡುವುದು ಹೀಗೆಯೇ. ಒಳಗೆ ಕಾಂತೀಯ ಪದಾರ್ಥ ಬಳಿದ ತಟ್ಟೆಗಳು ತಿರುಗುತ್ತಿರುತ್ತವೆ. ತಟ್ಟೆಯ ಅತಿಸಣ್ಣ ಜಾಗಗಳು ಯಾವ ದಿಕ್ಕಿಗೆ ಕಾಂತೀಕರಣಗೊಂಡಿವೆ ಎಂಬುದರಲ್ಲಿ 0 ಮತ್ತು 1 ಅಡಗಿರುತ್ತವೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ವ್ಯವಸ್ಥೆಯಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು, ಅಂದರೆ ನಿಮ್ಮ ಫೋನಿನ ಒಂದೆರಡು ಫೋಟೋಗಳಷ್ಟು! ಗಾತ್ರ ಬದಲಾಯಿತು, ಕಾಂತದ ತತ್ತ್ವ ಬದಲಾಗಲಿಲ್ಲ.

ನೀವು ಫೈಲ್ ಅಳಿಸಿದಾಗ ಕಂಪ್ಯೂಟರ್ ಆ ಕಾಂತೀಯ ಗುರುತುಗಳನ್ನು ಮುಟ್ಟುವುದಿಲ್ಲ. ಪರಿವಿಡಿಯಲ್ಲಿ ‘ಈ ಜಾಗ ಖಾಲಿ, ಬೇಕಾದರೆ ಬಳಸಿಕೊಳ್ಳಿ’ ಅಂತ ಬರೆದುಕೊಳ್ಳುತ್ತದೆ, ಅಷ್ಟೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಪರಿವಿಡಿಯೇ ಹೊಸದಾಗುತ್ತದೆ. ಆಗಲೂ ಹಳೆಯ ಪುಟಗಳು ಅಲ್ಲಲ್ಲೇ ಉಳಿದಿರುತ್ತವೆ. ಅವು ನಿಜವಾಗಿ ಹೋಗುವುದು ಅವುಗಳ ಮೇಲೆ ಬೇರೆ ಏನಾದರೂ ಬರೆದಾಗ.

ಹಾಗಾದರೆ ಪರಿವಿಡಿ ಇಲ್ಲದೆ ಹುಡುಕುವುದು ಹೇಗೆ? ಪ್ರತಿ ಜಾತಿಯ ಫೈಲಿಗೂ ಒಂದು ಮುಖಲಕ್ಷಣ ಇರುತ್ತದೆ. ಜೆಪೆಗ್ ಫೋಟೋ ಯಾವಾಗಲೂ 255, 216, 255 ಎಂಬ ಮೂರು ಬೈಟ್‌ಗಳಿಂದ ಶುರುವಾಗುತ್ತದೆ. ಪಿಡಿಎಫ್ ಫೈಲಿನ ಆರಂಭದಲ್ಲಿ ಶೇಕಡಾ ಚಿಹ್ನೆ, ಅದರ ಹಿಂದೆ ಪಿ, ಡಿ, ಎಫ್ ಎಂಬ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಹುಡುಕುವ ತಂತ್ರಾಂಶ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದುತ್ತಾ, ಇಂಥ ಗುರುತು ಕಂಡಲ್ಲಿಂದ ಫೈಲನ್ನು ಕತ್ತರಿಸಿ ತೆಗೆಯುತ್ತದೆ. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದ ಫೋಟೋರೆಕ್ ಎಂಬ ಮುಕ್ತ ತಂತ್ರಾಂಶ ಮಾಡುವುದು ಇದನ್ನೇ. ದುಡ್ಡು ಕೊಡಬೇಕಾಗಿಲ್ಲ, ನಮ್ಮ ಶಾಲಾ ಲ್ಯಾಬಿನಲ್ಲಿರುವ ಲಿನಕ್ಸ್‌ನಲ್ಲೂ ನಡೆಯುತ್ತದೆ. ಒಂದೇ ತೊಂದರೆ: ಪರಿವಿಡಿ ಇಲ್ಲದ್ದರಿಂದ ಫೈಲಿನ ಹೆಸರು ಸಿಗುವುದಿಲ್ಲ. ಸಾವಿರ ಫೋಟೋಗಳು ಬರೀ ನಂಬರ್ ಹೊತ್ತು ಬರುತ್ತವೆ. ನಿಮಗೆ ಬೇಕಾದದ್ದು ಯಾವುದು ಅಂತ ಕೂತು ನೋಡಬೇಕು.

ಆಕಾಶದಿಂದ ಬಿದ್ದ ಡಿಸ್ಕ್

ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯದ್ದು. 2003ರ ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ಅದು ಅಮೆರಿಕದ ಟೆಕ್ಸಾಸ್ ರಾಜ್ಯದ ಮೇಲೆ, ಸುಮಾರು 60 ಕಿಲೋಮೀಟರ್ ಎತ್ತರದಲ್ಲಿ ಒಡೆದುಹೋಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ನೌಕೆಯಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಒಂದು ಪ್ರಯೋಗ ಇತ್ತು. ಅದರ ದತ್ತಾಂಶದ ಸ್ವಲ್ಪ ಭಾಗ ಹಾರಾಟದ ವೇಳೆಯಲ್ಲೇ ಭೂಮಿಗೆ ಬಂದಿತ್ತು, ಉಳಿದದ್ದು ನೌಕೆಯೊಳಗಿನ ಒಂದು ಹಾರ್ಡ್‌ಡಿಸ್ಕಿನಲ್ಲಿತ್ತು.

ಆ ಡಿಸ್ಕ್ ಅವಶೇಷಗಳ ನಡುವೆ ಸುಟ್ಟು ಕರಟಿದ ಲೋಹದ ಮುದ್ದೆಯಂತೆ ಸಿಕ್ಕಿತು. ದತ್ತಾಂಶ ಮರಳಿ ಪಡೆಯುವ ತಜ್ಞರು ತಟ್ಟೆಗಳನ್ನು ಹೊರತೆಗೆದು, ಸ್ವಚ್ಛ ಮಾಡಿ, ಹೊಸ ಯಂತ್ರಭಾಗಗಳಿಗೆ ಜೋಡಿಸಿ ಓದಿದರು. ಶೇಕಡಾ 99ರಷ್ಟು ದತ್ತಾಂಶ ಸಿಕ್ಕಿತು! ಪ್ರಯೋಗದ ಫಲಿತಾಂಶ 2008ರಲ್ಲಿ ಭೌತಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಕಿ, ಬೀಳು, ಮಣ್ಣು ಎಲ್ಲವನ್ನೂ ದಾಟಿ ಅದು ಉಳಿಯಿತು. ಬರೆದಿದ್ದ ಜಾಗಕ್ಕೆ ಪೆಟ್ಟು ಬಿದ್ದಿರಲಿಲ್ಲ, ಮತ್ತು ಅದರ ಮೇಲೆ ಯಾರೂ ಏನೂ ಬರೆದಿರಲಿಲ್ಲ.

ಈಗ ಇದಕ್ಕೆ ವಿರುದ್ಧದ ಕಥೆ ನೋಡಿ. 1969ರ ಜುಲೈಯಲ್ಲಿ ಮನುಷ್ಯ ಮೊದಲ ಬಾರಿ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಸಂಕೇತಗಳನ್ನು ನಾಸಾ ಕಾಂತೀಯ ಟೇಪುಗಳಲ್ಲಿ ದಾಖಲಿಸಿತ್ತು. ಟಿವಿಯಲ್ಲಿ ಜಗತ್ತು ನೋಡಿದ್ದಕ್ಕಿಂತ ಅವುಗಳ ಗುಣಮಟ್ಟ ಒಳ್ಳೆಯದಿತ್ತು. ಆ ಟೇಪುಗಳನ್ನು ಯಾರೂ ಸುಡಲಿಲ್ಲ, ಬೀಳಿಸಲಿಲ್ಲ, ಕದಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಟೇಪಿನ ಕೊರತೆ ಬಂದಾಗ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಲಾಯಿತು, ಅವುಗಳಲ್ಲಿ ಇವೂ ಸೇರಿಹೋಗಿರಬೇಕು ಅಂತ 2009ರಲ್ಲಿ ನಾಸಾವೇ ಹೇಳಿತು. ಚಂದ್ರನವರೆಗೆ ಹೋಗಿ ಬಂದ ಸಂಸ್ಥೆಗೂ ಮೇಲೆ ಬರೆದದ್ದನ್ನು ಕೆರೆದು ಹಳೆಯದನ್ನು ತೆಗೆಯಲು ಆಗಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ಬೇರೆ ಬೇರೆ ಟಿವಿ ಸಂಸ್ಥೆಗಳ ಸಂಗ್ರಹದಲ್ಲಿ ಉಳಿದಿದ್ದ ಪ್ರತಿಗಳು. ಅವುಗಳನ್ನು ತರಿಸಿ, ಶುದ್ಧ ಮಾಡಿ, ಈಗ ನಾವು ನೋಡುವ ದೃಶ್ಯವನ್ನು ಸಿದ್ಧಪಡಿಸಿದರು.

ಈ ಎರಡು ಕಥೆಗಳನ್ನು ಜೊತೆಗಿಟ್ಟು ನೋಡಿ. ಫೈಲಿನ ಶತ್ರು ಪೆಟ್ಟು ಮಾತ್ರ ಅಲ್ಲ, ಅದಕ್ಕಿಂತ ದೊಡ್ಡ ಶತ್ರು ಮೇಲ್ಬರಹ. ರೀಸೆಟ್ ಅಂದರೆ ಅದೇ ಡಿಸ್ಕಿನ ಮೇಲೆ ವಿಂಡೋಸನ್ನು ಹೊಸದಾಗಿ ಬರೆಯುವುದು. ಅದೊಂದೇ ಹತ್ತಿಪ್ಪತ್ತು ಜಿಬಿ ಜಾಗ ಹಿಡಿಯುತ್ತದೆ. ಅಷ್ಟು ಜಾಗದ ಕೆಳಗೆ ಸಿಕ್ಕಿದ ನಿಮ್ಮ ಫೈಲು ಹೋಯಿತು ಅಂತಲೇ ಲೆಕ್ಕ. ಅದರ ಆಚೆ ಇದ್ದದ್ದು ಹಾರ್ಡ್‌ಡಿಸ್ಕ್ ಆದರೆ ಸಿಗಬಹುದು.

ಎಸ್‌ಎಸ್‌ಡಿ ಬಂದ ಮೇಲೆ ಕಥೆ ಬೇರೆ

‘ಹಾರ್ಡ್‌ಡಿಸ್ಕ್ ಆದರೆ’ ಅಂದೆ. ಈಗ ನೀವು ಕೊಳ್ಳುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ತಟ್ಟೆ ಇಲ್ಲ, ಎಸ್‌ಎಸ್‌ಡಿ ಇದೆ. ಅದರಲ್ಲಿರುವುದು ಫ್ಲ್ಯಾಶ್ ಮೆಮೊರಿ. ಜಪಾನಿನ ಫುಜಿಯೋ ಮಸುವೋಕ ಎಂಬ ಎಂಜಿನಿಯರ್ 1980ರ ದಶಕದಲ್ಲಿ ತೋಶಿಬಾದಲ್ಲಿದ್ದಾಗ ಕಂಡುಹಿಡಿದದ್ದು ಇದು. ಇಲ್ಲಿ ಕಾಂತ ಇಲ್ಲ. ನಿರೋಧಕ ಪದರದ ನಡುವೆ ಬಂಧಿಸಿಟ್ಟ ಎಲೆಕ್ಟ್ರಾನುಗಳೇ ಮಾಹಿತಿ.

ಇದಕ್ಕೊಂದು ವಿಚಿತ್ರ ನಿಯಮ ಇದೆ. ಹಾರ್ಡ್‌ಡಿಸ್ಕಿನಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಬರೆಯಬಹುದು. ಫ್ಲ್ಯಾಶ್‌ನಲ್ಲಿ ಮೊದಲು ಅಳಿಸಬೇಕು, ಆಮೇಲೆ ಬರೆಯಬೇಕು. ಬರೆಯುವುದು ಸಣ್ಣ ಪುಟದ ಲೆಕ್ಕದಲ್ಲಿ, ಅಳಿಸುವುದು ಮಾತ್ರ ಅನೇಕ ಪುಟಗಳ ದೊಡ್ಡ ಬ್ಲಾಕಿನ ಲೆಕ್ಕದಲ್ಲಿ. ನಮ್ಮ ಅಂಗಳದಲ್ಲಿ ಅಡಿಕೆ ಒಣಗಿಸುವುದನ್ನು ನೆನಪಿಸಿಕೊಳ್ಳಿ. ಒಣಗಿದ ಅಡಿಕೆ ಪೂರ್ತಿ ಗೋರಿ ತೆಗೆಯದೆ ಆ ಜಾಗದಲ್ಲಿ ಹೊಸ ಹಣ್ಣಡಿಕೆ ಹರಡಲು ಆಗುವುದಿಲ್ಲ ತಾನೇ? ಹೊಸ ಕೊಯ್ಲು ಬರುವ ಮೊದಲೇ ಅಂಗಳ ಖಾಲಿ ಮಾಡಿಟ್ಟುಕೊಂಡರೆ ಕೆಲಸ ಬೇಗ ಸಾಗುತ್ತದೆ.

ಎಸ್‌ಎಸ್‌ಡಿ ಮಾಡುವುದು ಇದನ್ನೇ. ನೀವು ಫೈಲ್ ಅಳಿಸಿದ ತಕ್ಷಣ, ‘ಈ ಪುಟಗಳು ಇನ್ನು ಬೇಡ’ ಅಂತ ಕಂಪ್ಯೂಟರ್ ಅದಕ್ಕೆ ತಿಳಿಸುತ್ತದೆ. ಈ ಆಜ್ಞೆಗೆ ಟ್ರಿಮ್ ಅಂತ ಹೆಸರು. 2009ರಲ್ಲಿ ಬಂದ ವಿಂಡೋಸ್ 7ರಿಂದ ಈಚೆಗೆ ಇದು ತಾನಾಗಿಯೇ ನಡೆಯುತ್ತದೆ. ಆಮೇಲೆ ಎಸ್‌ಎಸ್‌ಡಿ ಪುರಸೊತ್ತಾದಾಗ ಆ ಬ್ಲಾಕುಗಳನ್ನು ನಿಜವಾಗಿಯೇ ಖಾಲಿ ಮಾಡುತ್ತದೆ. ನೀವು ಏನೂ ಬರೆಯದಿದ್ದರೂ, ಸುಮ್ಮನೆ ಲ್ಯಾಪ್‌ಟಾಪ್ ಆನ್ ಇಟ್ಟರೂ ಸಾಕು, ಒಳಗೆ ಶುದ್ಧೀಕರಣ ನಡೆಯುತ್ತಿರುತ್ತದೆ. ಟ್ರಿಮ್ ಆದ ಜಾಗವನ್ನು ಓದಿದರೆ ಸಾಮಾನ್ಯವಾಗಿ ಸಿಗುವುದು ಬರೀ ಸೊನ್ನೆ.

ಇದರ ಮೇಲೆ ಗೂಢಲಿಪೀಕರಣ ಬೇರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು, ಇಂದಿನ ಆಂಡ್ರಾಯ್ಡ್ ಫೋನುಗಳು, ಎಲ್ಲವನ್ನೂ ಒಂದು ಗುಪ್ತ ಕೀಲಿಯಿಂದ ಬೆರೆಸಿಯೇ ಬರೆದಿಡುತ್ತವೆ. ರೀಸೆಟ್ ಮಾಡಿದಾಗ ಆ ಕೀಲಿ ನಾಶವಾದರೆ, ಬೈಟುಗಳು ಒಳಗೆ ಉಳಿದಿದ್ದರೂ ಅವು ಅರ್ಥವಿಲ್ಲದ ರಾಶಿ. ಕಳ್ಳನ ಕೈಗೆ ನಿಮ್ಮ ಫೋಟೋ ಸಿಗಬಾರದು ಅಂತಲೇ ಮಾಡಿದ ವ್ಯವಸ್ಥೆ ಇದು. ಒಳ್ಳೆಯದೇ. ಆದರೆ ಬೀಗ ಕಳ್ಳನಿಗೂ ಬೀಗ, ಮನೆಯವರಿಗೂ ಬೀಗ.

ನೋಡಿದಿರಾ ವಿಚಿತ್ರ? ಆಕಾಶದಿಂದ ಬಿದ್ದ ಹಳೆಯ ಡಿಸ್ಕ್ ಶೇಕಡಾ 99 ಕೊಟ್ಟಿತು. ಮೇಜಿನ ಮೇಲೆ ಒಂದು ಗೀರೂ ಆಗದೆ ಕೂತಿರುವ ಹೊಸ ಲ್ಯಾಪ್‌ಟಾಪ್ ಒಂದು ಫೋಟೋವನ್ನೂ ಕೊಡದೇ ಇರಬಹುದು. ತಂತ್ರಜ್ಞಾನ ಮುಂದುವರಿದಷ್ಟೂ ಅಳಿಸಿದ್ದು ಸಿಗುವ ಸಾಧ್ಯತೆ ಕಡಿಮೆ ಆಗುತ್ತಿದೆ. ‘ಸಾಫ್ಟ್‌ವೇರ್ ಹಾಕಿದ್ರೆ ಬರ್ತದೆ’ ಎಂಬ ಮಾತು ಹಳೆಯ ಡಿಸ್ಕಿನ ಕಾಲದ್ದು.

ನಮಗೇ ಯಾಕೆ ಹೆಚ್ಚು ನಷ್ಟ?

ಒಂದು ಇಂಗ್ಲಿಷ್ ಸಿನಿಮಾ ನಿಮ್ಮ ಲ್ಯಾಪ್‌ಟಾಪಿನಿಂದ ಹೋದರೆ ಜಗತ್ತಿಗೆ ನಷ್ಟವಿಲ್ಲ, ಅದರ ಲಕ್ಷಾಂತರ ಪ್ರತಿಗಳಿವೆ. ಆದರೆ ನಮ್ಮ ಶಾಲೆಗಳಲ್ಲಿ ಹುಟ್ಟುವ ಕನ್ನಡದ ಕೆಲಸಗಳಿಗೆ ಬೇರೆ ಪ್ರತಿಯೇ ಇರುವುದಿಲ್ಲ. ನಮ್ಮ ಪಾಠಕ್ಕೆ ಸಂಬಂಧಿಸಿದ ಹೆಚ್ಚಿನ ವಿಡಿಯೋ, ನೋಟ್ಸ್ ಸಿಗುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಅದಕ್ಕೇ ಕನ್ನಡದಲ್ಲಿ ಅಧ್ಯಾಪಕರು ತಾವೇ ರಾತ್ರಿ ಕೂತು ಟೈಪ್ ಮಾಡಿದ ಪ್ರಶ್ನಾವಳಿಗಳು, ನೀವು ಮಾಡಿದ ಚಾರ್ಟುಗಳು, ಊರಿನ ಹಿರಿಯರಿಂದ ಕೇಳಿ ಬರೆದದ್ದು ಇವೆಲ್ಲ ಒಂದೇ ಒಂದು ಲ್ಯಾಪ್‌ಟಾಪಿನಲ್ಲಿ ಇರುತ್ತವೆ. ಹೊಸಂಗಡಿಯಲ್ಲಿರಲಿ, ತಾಳವಾಡಿಯಲ್ಲಿರಲಿ, ಜತ್ತದಲ್ಲಿರಲಿ, ಮಡಕಶಿರದಲ್ಲಿರಲಿ, ಗಡಿಯಾಚೆಯ ಕನ್ನಡ ಶಾಲೆಗಳ ಪಾಡು ಇದೇ.

ನನಗೆ ಗೊತ್ತಿರುವ ಒಂದು ಒಂಬತ್ತನೇ ತರಗತಿಯ ಗುಂಪು ಮಳೆಗಾಲವಿಡೀ ಊರಿನ ಅಜ್ಜಿಯಂದಿರ ಮನೆಗೆ ಹೋಗಿ ಮನೆಮದ್ದಿನ ಗಿಡಗಳ ಬಗ್ಗೆ ಕೇಳಿ ರೆಕಾರ್ಡ್ ಮಾಡಿತ್ತು. ನಾವು ಒಂದೆಲಗ ಅನ್ನುವುದಕ್ಕೆ ತುಳುವಿನಲ್ಲಿ ತಿಮರೆ, ಮಲಯಾಳದಲ್ಲಿ ಕುಡಂಗಲ್. ಹೀಗೆ ಒಂದೊಂದು ಗಿಡಕ್ಕೂ ಮೂರು ಭಾಷೆಯ ಹೆಸರು, ಯಾವ ಭಾಗ ಮದ್ದಿಗೆ, ಯಾವ ತಿಂಗಳಲ್ಲಿ ಕೀಳಬೇಕು ಎಲ್ಲ ಅಜ್ಜಿಯರ ಮಾತಿನಲ್ಲೇ ಇತ್ತು. ಫೋನಿನಲ್ಲಿ ಜಾಗ ಸಾಲದೆಂದು ಎಲ್ಲವನ್ನೂ ಒಬ್ಬ ಹುಡುಗಿಯ ಮನೆಯ ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ಅಳಿಸಿದರು. ಲ್ಯಾಪ್‌ಟಾಪ್ ರೀಸೆಟ್ ಆಯಿತು. ಒಳಗಿದ್ದದ್ದು ಎಸ್‌ಎಸ್‌ಡಿ. ಗುಂಪಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಗಿಡದ ಫೋಟೋಗಳು ಸಿಕ್ಕವು. ರೆಕಾರ್ಡಿಂಗ್ ಒಂದೂ ಸಿಗಲಿಲ್ಲ. ಮತ್ತೆ ಕೇಳಿಕೊಂಡು ಬರುವ ಅಂತ ಹೊರಟಾಗ, ಅತಿ ಹೆಚ್ಚು ಹೇಳಿದ್ದ ಅಜ್ಜಿ ತೀರಿಹೋಗಿ ಎರಡು ತಿಂಗಳಾಗಿತ್ತು.

ಆ ಹುಡುಗಿಯನ್ನು ಎಲ್ಲರೂ ಬೈದರು. ಅದು ನನಗೆ ಸರಿ ಕಾಣುವುದಿಲ್ಲ. ಒಂದೇ ಪ್ರತಿ ಇಟ್ಟುಕೊಂಡ ಮೇಲೆ ಅದು ಇವತ್ತಲ್ಲ ನಾಳೆ ಹೋಗುವುದೇ. ರೀಸೆಟ್ ಆಗದಿದ್ದರೆ ಮಳೆಗಾಲದ ಸಿಡಿಲಿಗೆ, ಅದೂ ಅಲ್ಲದಿದ್ದರೆ ಚಹಾ ಚೆಲ್ಲಿ ಹೋಗುತ್ತಿತ್ತು. ತಪ್ಪು ಬಟನ್ ಒತ್ತಿದವರದ್ದಲ್ಲ, ಎರಡನೆಯ ಪ್ರತಿ ಕೇಳದ ನಮ್ಮ ಪದ್ಧತಿಯದ್ದು. ಪ್ರಾಜೆಕ್ಟಿಗೆ ಮುಖಪುಟ ಇದೆಯಾ, ಬಣ್ಣದ ಅಂಚು ಇದೆಯಾ ಅಂತ ನೋಡಿ ಅಂಕ ಕೊಡುವ ನಾವು, ಪ್ರತಿ ಎಲ್ಲಿದೆ ಅಂತ ಯಾಕೆ ಕೇಳುವುದಿಲ್ಲ?

ಸಿಕ್ಕಿದರೂ ಓದಲಾಗಬೇಕಲ್ಲ!

ಕನ್ನಡಕ್ಕೆ ಇನ್ನೊಂದು ವಿಶೇಷ ತೊಂದರೆ ಇದೆ. ಹಳೆಯ ಹಾರ್ಡ್‌ಡಿಸ್ಕಿನಿಂದ ಫೈಲ್ ಸಿಕ್ಕಿತು ಅಂತ ಖುಷಿಯಲ್ಲಿ ತೆರೆದರೆ, ಒಳಗೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ! ಫೈಲ್ ಹಾಳಾಗಿದೆ ಅಂತ ಬಿಸಾಡಬೇಡಿ. ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾಗಿರಬಹುದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಅದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಂಟು, ಅವುಗಳಲ್ಲಿ ಹಾಕಿದರೆ ಕನ್ನಡ ಮರಳಿ ಬರುತ್ತದೆ.

ಯುನಿಕೋಡಿನಲ್ಲಿ ಕನ್ನಡಕ್ಕೇ ಪ್ರತ್ಯೇಕ ಜಾಗ ಇದೆ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಒಂದು ಕನ್ನಡ ಚಿಹ್ನೆಗೆ 3 ಬೈಟ್. ‘ಕ’ ಅಂದರೆ 224, 178, 149. ಬೇರೆ ಯಾವ ಕನ್ನಡ ಚಿಹ್ನೆ ತೆಗೆದುಕೊಂಡರೂ ಮೊದಲನೆಯ ಬೈಟ್ 224, ಎರಡನೆಯದ್ದು 178 ಅಥವಾ 179. ಹಾಗಾಗಿ ಸಾದಾ ಪಠ್ಯವಾಗಿ ಉಳಿಸಿದ ಕನ್ನಡವನ್ನು ಪರಿವಿಡಿ ಇಲ್ಲದ ಡಿಸ್ಕಿನಲ್ಲೂ ಈ ಗುರುತಿನಿಂದ ಹುಡುಕಬಹುದು. ಇನ್ನು ಮುಂದೆ ಏನು ಟೈಪ್ ಮಾಡಿದರೂ ಯುನಿಕೋಡಿನಲ್ಲೇ ಮಾಡಿ. ಇಪ್ಪತ್ತು ವರ್ಷ ಕಳೆದು ತೆರೆಯುವವರಿಗೆ ಅದೇ ಉಪಕಾರ.

ರೀಸೆಟ್ ಆಗಿಯೇ ಹೋಗಿದ್ದರೆ

ಆಗಬಾರದ್ದು ಆಗಿಬಿಟ್ಟಿದ್ದರೆ ಈ ಕ್ರಮದಲ್ಲಿ ನಡೆಯಿರಿ.

ಮೊದಲನೆಯದಾಗಿ, ಲ್ಯಾಪ್‌ಟಾಪ್ ಆಫ್ ಮಾಡಿ. ಅದರಲ್ಲಿ ಹಾಡು ಕೇಳಬೇಡಿ, ಏನನ್ನೂ ಡೌನ್‌ಲೋಡ್ ಮಾಡಬೇಡಿ. ಹುಡುಕುವ ಸಾಫ್ಟ್‌ವೇರನ್ನೇ ಅದೇ ಡಿಸ್ಕಿಗೆ ಹಾಕುವುದು ದೊಡ್ಡ ತಪ್ಪು, ಕಳೆದುಹೋದ ಫೈಲಿನ ಮೇಲೆಯೇ ಅದು ಬಂದು ಕೂರಬಹುದು.

ಎರಡನೆಯದಾಗಿ, ಡಿಸ್ಕನ್ನು ಹುಡುಕುವ ಮೊದಲು ಮನುಷ್ಯರನ್ನು ಕೇಳಿ. ಆ ಫೈಲನ್ನು ಯಾರಿಗಾದರೂ ಮೇಲ್ ಮಾಡಿದ್ದಿರಾ? ವಾಟ್ಸಾಪ್ ಗುಂಪಿಗೆ ಕಳಿಸಿದ್ದಿರಾ? ಪ್ರಿಂಟಿಗೆ ಅಂತ ಅಂಗಡಿಗೆ ಒಯ್ದ ಪೆನ್‌ಡ್ರೈವ್ ಎಲ್ಲಿದೆ? ಗೂಗಲ್ ಡ್ರೈವ್, ಒನ್‌ಡ್ರೈವ್, ಅವುಗಳ ಕಸದ ಬುಟ್ಟಿ ನೋಡಿದಿರಾ? ನನ್ನ ಅನುಭವದಲ್ಲಿ ಮಕ್ಕಳಿಗೆ ವಾಪಸ್ ಸಿಕ್ಕಿದ್ದರಲ್ಲಿ ಹೆಚ್ಚಿನದ್ದು ಸಿಕ್ಕಿದ್ದು ಹೀಗೆ ಕೇಳಿಯೇ.

ಮೂರನೆಯದಾಗಿ, ಯಾವ ರೀಸೆಟ್ ಆದದ್ದು ಅಂತ ತಿಳಿದುಕೊಳ್ಳಿ. ವಿಂಡೋಸಿನಲ್ಲಿ ‘ನನ್ನ ಫೈಲುಗಳನ್ನು ಉಳಿಸು’ ಮತ್ತು ‘ಎಲ್ಲವನ್ನೂ ತೆಗೆ’ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದಾದರೆ ಪ್ರೋಗ್ರಾಂಗಳು ಹೋಗಿರುತ್ತವೆ, ನಿಮ್ಮ ಫೈಲು ಉಳಿದಿರುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿದ್ದಾದರೆ ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಕೆಲವೊಮ್ಮೆ ಇರುತ್ತದೆ. ಅದರೊಳಗೆ ಹಳೆಯದೆಲ್ಲ ಇರಬಹುದು, ಆದರೆ ಅದು ಕೆಲವು ದಿನಗಳಲ್ಲಿ ತಾನಾಗಿ ಅಳಿಯುತ್ತದೆ. ‘ಎಲ್ಲವನ್ನೂ ತೆಗೆ’ ಒತ್ತಿ, ಜೊತೆಗೆ ಡ್ರೈವನ್ನು ಶುದ್ಧ ಮಾಡುವ ಆಯ್ಕೆಯನ್ನೂ ಕೊಟ್ಟಿದ್ದರೆ ಅಲ್ಲಿಗೆ ಮುಗಿಯಿತು.

ನಾಲ್ಕನೆಯದಾಗಿ, ಒಳಗಿರುವುದು ಹಾರ್ಡ್‌ಡಿಸ್ಕ್ ಆದರೆ ಅದನ್ನು ಗೊತ್ತಿರುವವರಿಂದ ಬಿಚ್ಚಿಸಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಇಲ್ಲವೇ ಲಿನಕ್ಸ್ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಶುರು ಮಾಡಿ ಫೋಟೋರೆಕ್ ನಡೆಸಿ. ಸಿಕ್ಕಿದ್ದನ್ನು ಇನ್ನೊಂದು ಡಿಸ್ಕಿಗೆ ಇಳಿಸಿ. ಎಸ್‌ಎಸ್‌ಡಿ ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ‘ನೂರಕ್ಕೆ ನೂರು ತೆಗೆದುಕೊಡ್ತೇವೆ, ಮೊದಲು ದುಡ್ಡು ಕೊಡಿ’ ಅನ್ನುವವರಿಗೆ ಅಪ್ಪನ ದುಡಿಮೆಯ ಹಣ ಕೊಡಬೇಡಿ. ಡಿಸ್ಕ್ ಯಾವುದು ಅಂತ ನೋಡದೆ ಯಾರೂ ಹಾಗೆ ಮಾತು ಕೊಡಲು ಸಾಧ್ಯವಿಲ್ಲ.

ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಯಾವುದಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಎಂಬಲ್ಲಿ ಬರೆದಿರುತ್ತದೆ.

ಇದನ್ನೆಲ್ಲ ಲ್ಯಾಬಿನಲ್ಲಿ ಮಾಡಿಯೂ ನೋಡಬಹುದು. ಒಂದು ಹಳೆಯ ಪೆನ್‌ಡ್ರೈವಿಗೆ ಹತ್ತು ಫೋಟೋ ಹಾಕಿ, ಅಳಿಸಿ, ಫೋಟೋರೆಕ್ ನಡೆಸಿ ಎಷ್ಟು ಸಿಕ್ಕಿತು ಅಂತ ಬರೆದುಕೊಳ್ಳಿ. ಆಮೇಲೆ ಪೆನ್‌ಡ್ರೈವ್ ತುಂಬುವಷ್ಟು ಬೇರೆ ಫೈಲು ಹಾಕಿ, ಅಳಿಸಿ, ಮತ್ತೆ ನಡೆಸಿ. ಮೊದಲ ಹತ್ತರಲ್ಲಿ ಎಷ್ಟು ಉಳಿದಿವೆ? ಫಲಿತಾಂಶವನ್ನು ಈ ಪತ್ರಿಕೆಗೆ ಬರೆದು ಕಳಿಸಿ. ಮೊದಲ ಸುತ್ತಿನಲ್ಲೇ ಇನ್ನೊಂದು ಪಾಠವೂ ಆಗುತ್ತದೆ. ಹಳೆಯ ಪೆನ್‌ಡ್ರೈವ್, ಹಳೆಯ ಡಿಸ್ಕ್ ಇತರರಿಗೆ ಕೊಡುವಾಗ ‘ಡಿಲೀಟ್ ಮಾಡಿದ್ದೇನಲ್ಲ’ ಅಂತ ನಿಶ್ಚಿಂತೆಯಿಂದ ಇರಬಾರದು.

‘ಎಲ್ಲ ಕ್ಲೌಡಿನಲ್ಲಿ ಉಂಟಲ್ಲ?’

ಇಷ್ಟು ಹೇಳಿದ ಮೇಲೂ ಕೆಲವರು ಕೇಳುತ್ತಾರೆ: “ಈಗ ಎಲ್ಲ ತಾನಾಗಿ ಕ್ಲೌಡಿಗೆ ಹೋಗ್ತದೆ ಟೀಚರ್, ಪೆನ್‌ಡ್ರೈವ್ ಎಂತಕ್ಕೆ?” ನ್ಯಾಯವಾದ ಪ್ರಶ್ನೆ. ಕ್ಲೌಡ್ ಒಳ್ಳೆಯ ಎರಡನೆಯ ಪ್ರತಿ, ಬಳಸಿ. ಆದರೆ ಲ್ಯಾಪ್‌ಟಾಪಿಗೆ ಹೊಂದಿಸಿಟ್ಟ ಕ್ಲೌಡ್ ಫೋಲ್ಡರ್ ಒಂದು ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿ 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲಿ ಹೇಳಿದೆ. ಹತ್ತನೇ ತರಗತಿ ಮುಗಿಸಿ ಹೋದ ಹುಡುಗನ ಖಾತೆಯಲ್ಲಿ ಶಾಲೆಯ ಕೆಲಸ ಇದ್ದರೆ, ಅವನು ಪಾಸ್‌ವರ್ಡ್ ಮರೆತ ದಿನ ಅದೂ ಹೋಯಿತು.

ಪ್ರತಿ ಇದೆ ಅಂದುಕೊಂಡರೂ ಸಾಲದು, ತೆರೆದು ನೋಡಬೇಕು. ‘ಟಾಯ್ ಸ್ಟೋರಿ 2’ ಸಿನಿಮಾ ತಯಾರಾಗುತ್ತಿದ್ದಾಗ, 1998ರಲ್ಲಿ, ಒಂದು ತಪ್ಪು ಆಜ್ಞೆಯಿಂದ ಅದರ ಬಹುಪಾಲು ಫೈಲುಗಳು ಅಳಿದುಹೋದವು. ಪಿಕ್ಸಾರ್ ಸಂಸ್ಥೆಯಲ್ಲಿ ಬ್ಯಾಕಪ್ ವ್ಯವಸ್ಥೆ ಇತ್ತು, ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಅಂತ ಗೊತ್ತಾದದ್ದು ಆಗಲೇ. ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಸಿನಿಮಾ ಉಳಿದದ್ದು ಅದರಿಂದ.

ಸಾವಿರ ಪ್ರತಿ ಮಾಡಿಸಿದವಳು

ಪ್ರತಿ ಇಡುವ ಬುದ್ಧಿ ನಮಗೆ ಹೊಸದಲ್ಲ. ಕನ್ನಡ ತರಗತಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಕೇಳಿದ್ದೀರಿ. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ, ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆಯಬೇಕು. ‘ಶಾಂತಿಪುರಾಣ’ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಎಂಬ ಇನ್ನೊಂದು ಕಾವ್ಯ ಸಿಕ್ಕಿಲ್ಲ, ಬರೀ ಹೆಸರು ಉಳಿದಿದೆ. ಓಲೆಗರಿಗೂ ಆಯುಸ್ಸು ಇತ್ತು. ಗೆದ್ದಲು, ತೇವ, ಬೆಂಕಿ ಎಲ್ಲ ಇತ್ತು. ಉಳಿದ ಗ್ರಂಥಗಳು ಉಳಿದದ್ದು ತಲೆಮಾರಿನಿಂದ ತಲೆಮಾರಿಗೆ ಯಾರೋ ಕೂತು ಪ್ರತಿ ಮಾಡಿದ್ದರಿಂದ.

ನಮಗೆ ಅಷ್ಟು ಕಷ್ಟ ಇಲ್ಲ. ಲೆಕ್ಕ ಹಾಕಿ ನೋಡಿ. 128 ಕೆಬಿಪಿಎಸ್ ಗುಣಮಟ್ಟದಲ್ಲಿ ಮಾಡಿದ ಧ್ವನಿಮುದ್ರಣ ಸೆಕೆಂಡಿಗೆ 16 ಸಾವಿರ ಬೈಟ್ ಹಿಡಿಯುತ್ತದೆ. ಒಬ್ಬ ಅಜ್ಜಿಯ 40 ನಿಮಿಷದ ಮಾತು ಅಂದರೆ 2,400 ಸೆಕೆಂಡ್, ಒಟ್ಟು ಸುಮಾರು 38 ಎಂಬಿ. ಒಂದು 32 ಜಿಬಿ ಪೆನ್‌ಡ್ರೈವಿನಲ್ಲಿ ಅಂಥ 800ಕ್ಕೂ ಹೆಚ್ಚು ಮಾತುಕತೆ ಹಿಡಿಸುತ್ತದೆ. ಇಡೀ ಊರಿನ ಹಿರಿಯರ ನೆನಪು ಒಂದು ಕಿರುಬೆರಳಿನಷ್ಟು ಜಾಗದಲ್ಲಿ!

ಹಾಗಾಗಿ ನನ್ನ ಬೇಡಿಕೆ ಮೂರು. ಒಂದು, ಯಾವ ಪ್ರಾಜೆಕ್ಟ್ ಆದರೂ ‘ಎರಡನೆಯ ಪ್ರತಿ ಎಲ್ಲಿದೆ?’ ಎಂಬ ಸಾಲು ತುಂಬದೆ ಒಪ್ಪಿಸುವಂತಿಲ್ಲ ಅಂತ ನಮ್ಮ ಶಾಲೆಗಳು ನಿಯಮ ಮಾಡಲಿ. ಎರಡನೆಯ ಪ್ರತಿ ಬೇರೆ ಯಂತ್ರದಲ್ಲಿ, ಬೇರೆ ಕಟ್ಟಡದಲ್ಲಿ ಇರಬೇಕು. ಒಂದೇ ಚೀಲದಲ್ಲಿ ಲ್ಯಾಪ್‌ಟಾಪೂ ಪೆನ್‌ಡ್ರೈವೂ ಇದ್ದರೆ ಅದು ಎರಡು ಪ್ರತಿ ಅಲ್ಲ. ಎರಡು, ಕೇರಳದ ಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಕ್ಲಬ್ ಇದೆ, ಬೇರೆ ರಾಜ್ಯಗಳಲ್ಲಿ ವಿಜ್ಞಾನ ಸಂಘ ಇದೆ. ತಿಂಗಳಿಗೊಮ್ಮೆ ಶಾಲೆಯ ಕನ್ನಡ ಕೆಲಸಗಳ ಪ್ರತಿ ತೆಗೆದು, ತೆರೆದು ನೋಡಿ, ದಿನಾಂಕ ಬರೆದಿಡುವ ಹೊಣೆಯನ್ನು ಈ ಮಕ್ಕಳು ವಹಿಸಿಕೊಳ್ಳಲಿ. ಮೂರು, ಯಾರದ್ದಾದರೂ ಫೈಲು ಹೋದರೆ ಬೈಯುವುದನ್ನು ಬಿಟ್ಟು, ಮೇಲೆ ಹೇಳಿದ ಕ್ರಮದಲ್ಲಿ ಜೊತೆಗೆ ಕೂತು ಹುಡುಕೋಣ. ಸಿಕ್ಕರೆ ಸಂತೋಷ. ಸಿಗದಿದ್ದರೆ ಅದನ್ನು ಹೇಳಿದ ಅಜ್ಜಿ ಇನ್ನೂ ಇದ್ದಾಳಾ ನೋಡಿ, ಇದೇ ವಾರ ಹೋಗಿ ಕೇಳಿಕೊಂಡು ಬನ್ನಿ. ಬರುವಾಗ ಎರಡು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ.